ಮುಯ್ಯಿಗೆ ಹೋದ ಹಾಫ್‌ಬ್ಯಾಕ್

ಜಾವಗಲ್ ಎಂದ ಕೂಡಲೇ ಹೊರಗಿನವರು ತೋಳು ಬೀಸಿ ಬೌಲಿಂಗ್ ಮಾಡಿ ತೋರಿಸುತ್ತಾರೆ. ಅದು ಕೈಯವರ ವಿಷಯ. ನಮ್ಮದು ಕಾಲಿನವರ ಪಂಗಡ. ಜಾವಗಲ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿಗೆ ಈಗ ಮೂರು ವರ್ಷ. ಯುನೈಟೆಡ್ ಎಂದು ಹೆಸರಿಟ್ಟ ದಿನವೇ ಜೆರ್ಸಿ ಹಸಿರೋ ನೀಲಿಯೋ ಎಂದು ಎರಡು ಗುಂಪಾಯಿತು. ಕೊನೆಗೆ ನೀಲಿ ಗೆದ್ದಿತು. ಅರಸೀಕೆರೆಯ ಅಂಗಡಿಯಲ್ಲಿ ಹನ್ನೊಂದು ಇದ್ದದ್ದು ನೀಲಿ ಮಾತ್ರ.

ನಮ್ಮ ಕೋಚ್ ನಟರಾಜ್ ಸರ್. ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದವರು. ಚಿಕ್ಕಂದಿನಲ್ಲಿ ರೈಲ್ವೆ ಕಾಲೋನಿಯ ತಂಡದಲ್ಲಿ ಆಡಿದವರು. ಅವರ ಮನೆಯ ಹಾಲ್‌ನಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧನ ದೊಡ್ಡ ಪಟವಿದೆ. ನಮ್ಮ ಮೊದಲ ವರ್ಷದ ಪಂದ್ಯಗಳನ್ನು ಸರ್ ಕೂಡ ಬಹುಪಾಲು ಅದೇ ರೀತಿ ಕೂತು ನೋಡಿದರು. ಈಗಿನವರು ಮಿಡ್‌ಫೀಲ್ಡರ್ ಅನ್ನುವುದನ್ನು ಅವರು ಒಪ್ಪುವುದಿಲ್ಲ.

"ಹಾಫ್‌ಬ್ಯಾಕ್ ಕಣ್ರಪ್ಪಾ. ಮದುವೆ ಮನೇಲಿ ಬಡಿಸೋನು ಇದ್ದಂಗೆ. ಅಡುಗೆಮನೆಗೂ ಓಡ್ಬೇಕು, ಪಂಕ್ತಿಗೂ ಓಡ್ಬೇಕು. ಕೊನೇಗೆ ನೋಡಿದ್ರೆ ಅವನಿಗೇ ಎಲೆ ಇರಲ್ಲ."

ಆ ಬಡಿಸುವವನು ನಮ್ಮಲ್ಲಿ ದೀಪಕ್. ವಯಸ್ಸು ಇಪ್ಪತ್ತಮೂರು, ಬಿ.ಕಾಂ. ಮುಗಿಸಿ ಊರ ಹಾಲಿನ ಡೈರಿಯಲ್ಲಿ ಕೆಲಸ. ಅವನಿಗಿಂತ ಜೋರಾಗಿ ಓಡುವವರು ನಮ್ಮಲ್ಲಿ ನಾಲ್ವರಿದ್ದರು. ಅವನಿಗಿಂತ ಜೋರಾಗಿ ಒದೆಯುವವನು ಮೋಹನ್‌ಕುಮಾರ್. ಅವನು ಒದೆಯುವಾಗ ಚೆಂಡು ಅಲ್ಲೇ ಇರಬೇಕೆಂಬ ನಿಯಮವಿರಲಿಲ್ಲ. ಆದರೆ ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ದೀಪಕ್ ಮೊದಲೇ ನಿಂತಿರುತ್ತಿದ್ದ, ಬಸ್ಸಿಗೆ ಕಾಯುವವನ ಹಾಗೆ. ಬಂದ ಚೆಂಡನ್ನು ಒಂದು ಸಲ ಮುಟ್ಟಿ ಬೇರೆ ದಿಕ್ಕಿಗೆ ಕಳಿಸುತ್ತಿದ್ದ. ಹೇಗೆ ಗೊತ್ತಾಗುತ್ತದೋ ಎಂದು ಒಮ್ಮೆ ಕೇಳಿದೆ.

"ತೋಟಕ್ಕೆ ನೀರು ಕಟ್ಟಿಲ್ವೇನೋ ನೀನು?" ಅಂದ. "ಒಂದು ಪಾತಿ ತುಂಬೋ ಮುಂಚೇನೇ ಇನ್ನೊಂದರ ಬಾಯಿ ಬಿಡಿಸ್ಬೇಕು. ತುಂಬಿದ್ಮೇಲೆ ಓಡಿದ್ರೆ ಅಷ್ಟೊತ್ಗೆ ಕಟ್ಟೆ ಒಡ್ದಿರ್ತದೆ."

ನಾನು ಗೋಲ್‌ಕೀಪರ್. ದೀಪಕ್ ಇದ್ದ ಪಂದ್ಯಗಳಲ್ಲಿ ನನಗೆ ಕೆಲಸವಿರುತ್ತಿರಲಿಲ್ಲ. ಗೋಲಿನ ಕಂಬಕ್ಕೆ ಒರಗಿ, ಗೋಲಿನ ಹಿಂದೆ ಕೂತವರಿಗೆ ನಟರಾಜ್ ಸರ್ ಹೇಗೆ ಸೀನುತ್ತಾರೆ, ದೀಪಕ್‌ನ ಅಪ್ಪ ಹೇಗೆ ಆಳುಗಳನ್ನು ಕರೆಯುತ್ತಾರೆ ಎಂದೆಲ್ಲ ಮಾಡಿ ತೋರಿಸುತ್ತಿದ್ದೆ. ಗೋಲಿನ ಹಿಂದೆ ಯಾವಾಗಲೂ ಜನ ಜಾಸ್ತಿ.

ಈ ಅಪ್ಪನ ಬಗ್ಗೆ ಹೇಳಬೇಕು. ಕೃಷ್ಣಪ್ಪನವರು ರಾಗಿ, ತೆಂಗು ಎರಡೂ ಇರುವ ಹಿಡುವಳಿದಾರರು. ನಾವು ಆಡುತ್ತಿದ್ದ ಮೈದಾನ ಅವರದೇ ಎರಡೆಕರೆ ಬೀಳು ಬಿಟ್ಟ ಹೊಲ. ಮೂರು ವರ್ಷ ನಾವು ಅದನ್ನು ಎಷ್ಟು ತುಳಿದಿದ್ದೆವೆಂದರೆ, ಹುಲ್ಲು ಬೆಳೆಯುವ ಯೋಚನೆಯನ್ನೇ ಬಿಟ್ಟಿತ್ತು. ಕೃಷ್ಣಪ್ಪನವರಿಗೆ ಬೀಳು ಹೊಲವನ್ನು ನೋಡಿದರೆ ಊಟದೆಲೆಯಲ್ಲಿ ಅನ್ನ ಬಿಟ್ಟು ಎದ್ದವರನ್ನು ನೋಡಿದಷ್ಟು ಸಂಕಟ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ತೆಂಗಿನ ಸಸಿ ತರಿಸಿದರು. ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿದ್ದ ಸಸಿಗಳನ್ನು ಮೈದಾನದ ಗೆರೆಯುದ್ದಕ್ಕೂ ಸಾಲಾಗಿ ಇಡಿಸಿದರು. ಅವು ಪ್ರೇಕ್ಷಕರ ಹಾಗೆ ನಮ್ಮ ಅಭ್ಯಾಸ ನೋಡುತ್ತಿದ್ದವು.

ನಟರಾಜ್ ಸರ್ ಹೋಗಿ ಕೈಮುಗಿದರು. ಕೃಷ್ಣಪ್ಪನವರು ಯೋಚಿಸಿ ಒಂದು ಮಾತು ಕೊಟ್ಟರು: "ಈ ಸಾರ್ತಿ ನಿಮ್ಮ ಕ್ಲಬ್ಬು ಕಪ್ಪು ಗೆದ್ರೆ ಇನ್ನೊಂದು ವರ್ಷ ಹೊಲ ನಿಮ್ದು. ಇಲ್ಲಾಂದ್ರೆ ಫೈನಲ್ ಮಾರನೇ ದಿನ, ಸೋಮ್ವಾರ ಬೆಳಗ್ಗೆ ಜೇಸಿಬಿ ಬತ್ತದೆ. ಗುಂಡಿ."

ನಮ್ಮ ಜೆರ್ಸಿಗಳಿಗೆ ಗುಂಡಿ ಇರಲಿಲ್ಲ. ಈಗ ಮೈದಾನಕ್ಕೆ ಬರುವ ಅಂದಾಜು ಕಾಣಿಸಿತು. ಊರಲ್ಲಿ ಬೇರೆ ಮಟ್ಟಸ ಜಾಗವಿಲ್ಲ. ಅಲ್ಲಿ ಗುಂಡಿ ಬಿದ್ದರೆ ಕ್ಲಬ್ ಮುಗಿಯಿತು. ನಾವೆಲ್ಲ ಬೇರೆ ಏನಾದರೂ ಮಾಡಿಕೊಳ್ಳಬಹುದಿತ್ತು. ದೀಪಕ್‌ಗೆ ಬೇರೆ ಏನೂ ಬೇಕಿರಲಿಲ್ಲ. ಬೆಳಗ್ಗೆ ಐದಕ್ಕೆ ಡೈರಿ ಬಾಗಿಲು ತೆಗೆಯುವ ಮೊದಲು ಅರ್ಧ ಗಂಟೆ, ಸಂಜೆ ಡೈರಿ ಮುಚ್ಚಿದ ಮೇಲೆ ಬೆಳಕಿರುವಷ್ಟು ಹೊತ್ತು, ಅವನು ಆ ಹೊಲದಲ್ಲೇ ಇರುತ್ತಿದ್ದ.

ಕೃಷ್ಣಪ್ಪನವರ ಇನ್ನೊಂದು ಖ್ಯಾತಿ ಮುಯ್ಯಿಯದು. ಈಗ ಕೂಲಿ, ಯಂತ್ರ ಎಲ್ಲ ಬಂದ ಮೇಲೆ ಮುಯ್ಯಿ ಕಡಿಮೆಯಾಗಿದೆ. ಅವರ ಮನೆಯಲ್ಲಿ ಕಡಿಮೆಯಾಗಿಲ್ಲ. ಇವತ್ತು ನಿಮ್ಮ ಮನೆಯವನೊಬ್ಬ ನನ್ನ ಹೊಲದಲ್ಲಿ ಒಂದು ದಿನ ದುಡಿದರೆ, ನೀವು ಕೇಳಿದ ದಿನ ನನ್ನ ಮನೆಯವನೊಬ್ಬ ನಿಮ್ಮ ಹೊಲದಲ್ಲಿ ಒಂದು ದಿನ ದುಡಿಯಬೇಕು. ಉಳುವವನಿಗೆ ಉಳುವವನು, ಎತ್ತಿಗೆ ಎತ್ತು. ನಮಗೆ ಪುರುಸೊತ್ತಿಲ್ಲ ಅನ್ನುವಂತಿಲ್ಲ. ಹೋದ ಆಳು ಮೈಗಳ್ಳತನ ಮಾಡುವಂತಿಲ್ಲ. ಕರೆಸಿಕೊಂಡವರು ಹೊಟ್ಟೆ ತುಂಬ ಊಟ ಹಾಕಬೇಕು, ಹೊತ್ತು ಮುಳುಗಿದ ಮೇಲೆ ಆಳನ್ನು ಬಿಡಬೇಕು. ಕೃಷ್ಣಪ್ಪನವರು ಈ ಕಟ್ಟಳೆಗಳನ್ನೆಲ್ಲ ಕಟ್ಟುನಿಟ್ಟಾಗಿ ಪಾಲಿಸುವವರು. ಕೊನೆಯದನ್ನು ಮಾತ್ರ ಸ್ವಲ್ಪ ಹಿಗ್ಗಿಸುತ್ತಾರೆ. ಅವರ ಹೊಲದಲ್ಲಿ ಹೊತ್ತು ಮುಳುಗುವುದು ಉಳಿದ ಊರಿಗಿಂತ ಅರ್ಧ ಗಂಟೆ ತಡ. ಯಾರಾದರೂ ಸೊಂಟ ಹಿಡಿದುಕೊಂಡು ಪಡುವಣಕ್ಕೆ ನೋಡಿದರೆ, "ಇನ್ನೂ ನಮ್ಮನೇಲಿ ದೀಪ ಹಚ್ಚಿಲ್ಲ ಕಣ್ರಪ್ಪಾ" ಅನ್ನುತ್ತಾರೆ. ಅವರ ಹೆಂಡತಿ ಅನುಸೂಯಮ್ಮನವರು ದೀಪ ಹಚ್ಚಿದ್ದು ಹೊಲಕ್ಕೆ ಕಾಣುವ ತನಕ ಕಳೆ ಕೀಳಬೇಕು. ಅನುಸೂಯಮ್ಮನವರಿಗೂ ಪಾಪ ಒಮ್ಮೊಮ್ಮೆ ಮರೆಯುತ್ತದೆ.

ಕಳೆದ ವರ್ಷ ಬೇಲೂರಿನಲ್ಲಿ ಇದೇ ದ್ವಾರಸಮುದ್ರ ಕಪ್ ಸೆಮಿಫೈನಲ್ಲಿನ ದಿನ ನಮ್ಮ ಹಾಫ್‌ಬ್ಯಾಕ್ ಇರಲಿಲ್ಲ. ಕೆಂಚಯ್ಯನವರ ರಾಗಿ ಒಕ್ಕಣೆಗೆ ಕೃಷ್ಣಪ್ಪನವರು ಅವನನ್ನು ಮುಯ್ಯಾಳಾಗಿ ಕಳಿಸಿದ್ದರು. ಟೂರ್ನಮೆಂಟಿನ ನಿಯಮದಂತೆ ತಂಡಕ್ಕೊಬ್ಬ ಅತಿಥಿ ಆಟಗಾರನನ್ನು ಸೇರಿಸಿಕೊಳ್ಳಬಹುದು. ಹಿಂದಿನ ದಿನವೇ ಸೋತಿದ್ದ ಹಳೇಬೀಡಿನವರ ಹತ್ತಿರ ಚನ್ನೇಶ್ ಎಂಬ ಒಳ್ಳೆಯ ಹಾಫ್‌ಬ್ಯಾಕ್ ಇದ್ದ. ನಾವು ಅವರ ಕ್ಯಾಪ್ಟನ್ ದೇವರಾಜ್‌ನ ಕೈಕಾಲು ಹಿಡಿಯುತ್ತಿದ್ದಾಗ, ತನ್ನಿಂದಲೇ ಹೀಗಾಯಿತಲ್ಲ ಎಂದು ನೋಡಲು ಬಂದಿದ್ದ ಕೃಷ್ಣಪ್ಪನವರು ಅಲ್ಲಿಂದಲೇ ಹೇಳಿಬಿಟ್ಟರು:

"ಕೊಡಪ್ಪ ದೇವರಾಜ. ಮುಯ್ಯಿಗೆ. ಒಂದಿನಕ್ಕೆ ಒಂದಿನ."

ಚನ್ನೇಶ್ ಬಂದ, ಆಡಿದ, ಗೋಲು ಹೊಡೆದ. ನಾವು ಫೈನಲ್‌ಗೆ ಹೋಗಿ ಸೋತೆವು. ಮುಯ್ಯಿಯ ಮಾತನ್ನು ನಾವು ಮರೆತೆವು. ನಾವು ಬಿ.ಕಾಂ., ಬಿ.ಎಸ್ಸಿ. ಮಾಡಿದವರು.

ಈ ವರ್ಷ ಫೈನಲ್‌ಗೆ ಬಂದ ಎರಡು ತಂಡ ನಮ್ಮದು ಮತ್ತು ಹಳೇಬೀಡಿನವರದು. ಫೈನಲ್ ಭಾನುವಾರ, ಹಳೇಬೀಡಿನ ಕೆರೆಯಂಗಳದಲ್ಲಿ. ಗುರುವಾರ ಚನ್ನೇಶ್ ತಂಡ ಗೆಲ್ಲಲಿ ಎಂದು ಹರಕೆ ಕಟ್ಟಿಕೊಂಡು ಮಾಲೇಕಲ್ಲು ತಿರುಪತಿಯ ಬೆಟ್ಟ ಹತ್ತಿದ. ಹತ್ತುವಾಗ ಕೇಳಿಕೊಂಡ, ಇಳಿಯುವಾಗ ಉತ್ತರ ಸಿಕ್ಕಿತು. ಮೆಟ್ಟಿಲಿನಲ್ಲಿ ಕಾಲು ಉಳುಕಿ, ಕಣಕಾಲು ತೆಂಗಿನಕಾಯಿ ಗಾತ್ರವಾಯಿತು. ಸುದ್ದಿ ಕೇಳಿ ನಾವು ಬಹಳ ಬೇಸರ ವ್ಯಕ್ತಪಡಿಸಿ, ಆಮೇಲೆ ಬೋಂಡಾ ತಿಂದೆವು.

ಶನಿವಾರ ಸಂಜೆ ದೇವರಾಜ್ ಬೈಕಿನಲ್ಲಿ ಜಾವಗಲ್‌ಗೆ ಬಂದ. ಕ್ಲಬ್ಬಿಗೆ ಬರಲಿಲ್ಲ. ನೇರವಾಗಿ ಕೃಷ್ಣಪ್ಪನವರ ಮನೆಗೆ ಹೋಗಿ, ಎಲೆ ಅಡಿಕೆ ಮುಂದಿಟ್ಟು, ಜಗಲಿಯ ಮೇಲೆ ಕೂತ. ಅವನೂ ಒಕ್ಕಲು ಮನೆಯವನು, ಕ್ರಮ ಗೊತ್ತು. ನಾನೂ ನಟರಾಜ್ ಸರ್ರೂ ವಿಷಯ ತಿಳಿದು ಓಡಿ ಹೋಗುವಷ್ಟರಲ್ಲಿ ಕಾಫಿ ಬಂದಿತ್ತು.

"ಯಜಮಾನ್ರೇ, ನಾಳಿಕ್ಕೆ ಒಂದಾಳು ಬೇಕಿತ್ತು," ಅಂದ ದೇವರಾಜ್. "ಹೋದ್ವರ್ಷದ ಮುಯ್ಯಿ."

ಕೃಷ್ಣಪ್ಪನವರು ಲೋಟ ಕೆಳಗಿಟ್ಟರು. ಹೊಲ, ಕಪ್, ಮಗ, ಮೂರೂ ಅವರ ಮುಖದ ಮೇಲೆ ಒಂದರ ಹಿಂದೊಂದು ಬಂದು ಹೋದವು.

"ಹೌದಪ್ಪ," ಅಂದರು. "ಐತೆ."

ನಟರಾಜ್ ಸರ್ ಬಿಳಿಚಿಕೊಂಡರು. "ಸರಿ, ಒಬ್ಬ ಆಟಗಾರ ತಾನೇ? ಇವನ್ನ ಕರ್ಕೊಂಡು ಹೋಗಪ್ಪ," ಎಂದು ನನ್ನನ್ನು ಮುಂದಕ್ಕೆ ತಳ್ಳಿದರು. "ಒಳ್ಳೇ ಹುಡುಗ. ಜೊತೆಗೆ ಎಲ್ಲಾರ್ ಥರನೂ ಮಾತಾಡ್ತಾನೆ."

ದೇವರಾಜ್ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಎತ್ತು ಕೊಟ್ಟೋರಿಗೆ ಕರು ಕಟ್ತೀರಾ ಸರ್? ನಾವು ಕೊಟ್ಟಿದ್ದು ಹಾಫ್‌ಬ್ಯಾಕು."

"ನ್ಯಾಯ," ಅಂದರು ಕೃಷ್ಣಪ್ಪನವರು.

ಒಳಗಿನಿಂದ ಅನುಸೂಯಮ್ಮನವರ ದನಿ ಬಂತು. "ನ್ಯಾಯವಂತೆ ನ್ಯಾಯ! ಕೊಟ್ಟೋರು ನೀವು, ಹೋಗೋನು ನನ್ನ ಮಗ. ಫೈನಲ್ಲಲ್ಲೇನ್ರೀ ಕೇಳೋದು ಇವ್ರು?"

"ಬಿತ್ತನೆ ಹದ ಬಂದಾಗ್ಲೇ ಕೇಳೋದು ಕಣೇ ಮುಯ್ಯಿ. ಹದ ಹೋದ್ಮೇಲೆ ಆಳು ತಗೊಂಡು ಏನ್ಮಾಡ್ತಾರೆ?"

ದೀಪಕ್ ಕಂಬಕ್ಕೆ ಒರಗಿ ನಿಂತಿದ್ದ. ಅಪ್ಪನ ಮುಂದೆ ಅವನು ಜಾಸ್ತಿ ಮಾತಾಡುವವನಲ್ಲ.

"ಅಪ್ಪಾ, ನಾನು ಅವ್ರ ಕಡೆ ನೆಟ್ಟಗೆ ಆಡಿದ್ರೆ ನಮ್ಮೋರು ಸೋಲ್ತಾರೆ. ಸೋತ್ರೆ ಸೋಮ್ವಾರ ಹೊಲ ಹೋಗ್ತದೆ. ಹೆಂಗಾಡ್ಲಿ?"

"ನೆಟ್ಟಗೆ ಆಡು."

"ಹಂಗಾದ್ರೆ ಆ ಜೇಸಿಬಿಯೋನಿಗಾದ್ರೂ ಬ್ಯಾಡ ಅನ್ನಿ," ಎಂದು ಅನುಸೂಯಮ್ಮನವರು ಬಾಗಿಲಿಗೇ ಬಂದರು.

"ಅದು ಬೇರೆ ಮಾತು, ಇದು ಬೇರೆ ಮಾತು," ಅಂದರು ಕೃಷ್ಣಪ್ಪನವರು. ಮುಂದಿದ್ದ ಎಲೆಗೆ ಸುಣ್ಣ ಸವರುತ್ತ ಸೇರಿಸಿದರು: "ಎರಡೂ ಆಡಿರೋನು ನಾನೇ."

ನಟರಾಜ್ ಸರ್ ಕಣ್ಣು ಮುಚ್ಚಿ ಕೂತರು.

ಭಾನುವಾರ ಬೆಳಗ್ಗೆ ಎಂಟಕ್ಕೇ ದೀಪಕ್ ಹಳೇಬೀಡಿಗೆ ಹೋದ. ಮುಯ್ಯಾಳು ತಡವಾಗಿ ಹೋಗಬಾರದು. ಮೂರು ಗಂಟೆಗೆ ಶುರುವಾಗಬೇಕಿದ್ದ ಆಟ, ಮುಖ್ಯ ಅತಿಥಿಗಳು ಬಂದು, ತಾವು ಫುಟ್‌ಬಾಲ್ ಆಡದೇ ಹೋದದ್ದಕ್ಕೆ ಕಾರಣಗಳನ್ನು ವಿವರಿಸಿ, ಚೆಂಡಿಗೆ ಹಾರ ಹಾಕಿ, ಆ ಹಾರವನ್ನು ಬಿಡಿಸಿದ ಮೇಲೆ ನಾಲ್ಕೂವರೆಗೆ ಶುರುವಾಯಿತು. ಮೂವತ್ತೈದು ನಿಮಿಷದ ಎರಡು ಅರ್ಧ. ನಾವು ನೀಲಿ, ಅವರು ಕೆಂಪು. ಚನ್ನೇಶ್‌ನ ಕೆಂಪು ಜೆರ್ಸಿ ದೀಪಕ್‌ಗೆ ಸ್ವಲ್ಪ ದೊಡ್ಡದು.

ಆಟ ಶುರುವಾಗುವ ಮೊದಲು ಕೃಷ್ಣಪ್ಪನವರು ಗೆರೆಯ ಹತ್ತಿರ ಬಂದು ಮಗನನ್ನು ಕರೆದರು. "ಊಟ ಹಾಕಿದ್ರೇನ್ಲಾ?"

"ಹಾಕಿದ್ರು. ಮುದ್ದೆ, ಹುರುಳಿ ಸಾರು."

"ಎಷ್ಟು ಮುದ್ದೆ?"

"ಎರಡು."

"ಸರಿ," ಎಂದು ಕೃಷ್ಣಪ್ಪನವರು ದೇವರಾಜ್ ಕಡೆ ಮೆಚ್ಚುಗೆಯಿಂದ ತಲೆಯಾಡಿಸಿದರು. ನಮಗೆ ಕೊಂಚ ಆಸೆ ಹುಟ್ಟಿತು. ಎರಡು ಮುದ್ದೆ ಉಂಡವನು ಎಷ್ಟು ತಾನೇ ಓಡಿಯಾನು?

ಕಾಮೆಂಟರಿಗೆ ಕೂತವರು ಉಮಾಶಂಕರ್. ಹಳೇಬೀಡಿನ ದೇವಸ್ಥಾನದಲ್ಲಿ ಇಪ್ಪತ್ತು ವರ್ಷದಿಂದ ಗೈಡ್. ಫುಟ್‌ಬಾಲ್ ಗೊತ್ತಿಲ್ಲ, ಮೈಕ್ ಗೊತ್ತು. "ಬನ್ನಿ, ಹತ್ತಿರ ಬನ್ನಿ, ನೆರಳಲ್ಲಿ ನಿಂತ್ಕೊಳ್ಳಿ," ಎಂದು ಶುರು ಮಾಡಿದರು. "ಎಡಗಡೆ ಮೇಲಿನಿಂದ ಮೂರನೇ ಆಟಗಾರರನ್ನು ಗಮನಿಸಿ. ಜಾವಗಲ್‌ನ ಮೋಹನ್‌ಕುಮಾರ್ ಅವರು. ಭಂಗಿ ನೋಡಿ ಸಾರ್, ಎಷ್ಟು ಸ್ಥಿರವಾಗಿದೆ! ಚೆಂಡು ಹೋಗಿ ಬಹಳ ಹೊತ್ತಾಯಿತು, ಅವರು ಹಾಗೇ ನಿಂತಿದ್ದಾರೆ. ದಯವಿಟ್ಟು ಯಾರೂ ಮುಟ್ಟಬೇಡಿ."

ದೀಪಕ್‌ನ ಜಾಗಕ್ಕೆ ನಾವು ಹಾಕಿದ್ದು ಮೋಹನ್‌ಕುಮಾರನನ್ನು.

ಮೊದಲ ಹತ್ತು ನಿಮಿಷ ದೀಪಕ್ ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಒಂದು ಹೆಜ್ಜೆ ತಡವಾಗಿ ಬಂದ. ಒಂದೇ ಹೆಜ್ಜೆ. ನೋಡುವವರಿಗೆ ಗೊತ್ತಾಗದಷ್ಟು. ನಮ್ಮವರು ಎರಡು ಸಲ ಅವನನ್ನು ದಾಟಿ ಹೋದರು. ನಾನು ಸಂತೋಷದಿಂದ ಕಂಬಕ್ಕೆ ಒರಗಿದೆ. ಆಗ ಗೆರೆಯಾಚೆಯಿಂದ, ಎರಡು ಹೊಲದಾಚೆಗೂ ಕೇಳುವ ದನಿ ಬಂತು:

"ಲೋ ದೀಪೂ! ಯಾರ್ ಮನೆ ಮುದ್ದೆ ಉಂಡಿದ್ದೀಯ್ಲಾ? ಮೈ ಬಗ್ಸಲಾ!"

ದೀಪಕ್ ಅಪ್ಪನ ಕಡೆ ಒಮ್ಮೆ ನೋಡಿದ. ಆಮೇಲೆ ಸಾಕ್ಸು ಮೇಲಕ್ಕೆಳೆದುಕೊಂಡ.

ಅಲ್ಲಿಂದ ಮುಂದಿನದನ್ನು ಗೋಲಿನಲ್ಲಿ ನಿಂತು ನೋಡಿದವನು ನಾನು. ಮೂರು ವರ್ಷ ಅವನ ಬೆನ್ನನ್ನು ಮಾತ್ರ ನೋಡಿದ್ದೆ, ಅವತ್ತು ಮುಖ ನೋಡಿದೆ. ನಮ್ಮವರು ಬಲಕ್ಕೆ ಹೋದರೆ ಅವನು ಬಲದಲ್ಲಿ ನಿಂತಿದ್ದ. ಎಡಕ್ಕೆ ಕಳಿಸಿದರೆ ಚೆಂಡಿಗಿಂತ ಮುಂಚೆ ಎಡದಲ್ಲಿದ್ದ. ಯಾರನ್ನೂ ಬೀಳಿಸಲಿಲ್ಲ, ತಳ್ಳಲಿಲ್ಲ, ಏದುಸಿರು ಬಿಡಲಿಲ್ಲ. ಗುದ್ದಲಿ ಹಿಡಿದವನು ಕಾಲುವೆಗೆ ಒಂದು ಹೆಂಟೆ ಮಣ್ಣು ಅಡ್ಡ ಹಾಕಿದ ಹಾಗೆ ನಮ್ಮ ಆಟವನ್ನು ಅಲ್ಲಲ್ಲೇ ಕಟ್ಟಿದ. ಇಪ್ಪತ್ತನೇ ನಿಮಿಷಕ್ಕೆ ಹಾಗೆ ಕಟ್ಟಿದ ನೀರನ್ನು ಒಂದೇ ಸಲ ನಮ್ಮ ಕಡೆಗೆ ತಿರುಗಿಸಿದ. ಚೆಂಡು ನಮ್ಮ ಇಬ್ಬರು ಫುಲ್‌ಬ್ಯಾಕುಗಳ ನಡುವೆ ಹಾದು ದೇವರಾಜ್‌ನ ಕಾಲಿಗೆ ಬಂತು. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, ಚೆಂಡು ನಮ್ಮಿಬ್ಬರನ್ನೂ ನೋಡದೆ ಒಳಗೆ ಹೋಯಿತು.

"ಇದು ಅಪೂರ್ಣ ಶಿಲ್ಪ ಅಲ್ಲ ಸ್ವಾಮಿ, ಪೂರ್ಣಗೊಂಡಿದೆ," ಎಂದರು ಉಮಾಶಂಕರ್.

ಗೆರೆಯ ಹತ್ತಿರ ಕೃಷ್ಣಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದು, ಮತ್ತೆ ಹಾಕಿಕೊಂಡರು. ಒಂದು ಸಲ ಚಪ್ಪಾಳೆ ತಟ್ಟಲು ಕೈ ಎತ್ತಿದ್ದು, ನಮ್ಮ ತಂಡದ ಬೆಂಚು ನೋಡಿ ಟವೆಲ್ ಸರಿಮಾಡಿಕೊಂಡದ್ದು ನನಗೆ ಕಂಡಿತು.

ಎರಡನೇ ಅರ್ಧದಲ್ಲಿ ನಮಗೂ ಒಂದು ಗೋಲು ಸಿಕ್ಕಿತು. ನಾವು ಹೊಡೆದೆವು ಅನ್ನುವುದಕ್ಕಿಂತ ಸಿಕ್ಕಿತು ಅನ್ನುವುದೇ ಸರಿ. ಕಾರ್ನರ್ ಕಿಕ್ ಬಂದಾಗ ಮೋಹನ್‌ಕುಮಾರ್ ಶೂ ಲೇಸು ಕಟ್ಟಿಕೊಂಡು ತಲೆಯೆತ್ತಿದ. ಚೆಂಡು ಆ ತಲೆಗೆ ಬಡಿದು ಗೋಲಿಗೆ ಹೋಯಿತು. ಎಲ್ಲರೂ ಅಪ್ಪಿಕೊಂಡ ಮೇಲೆ ಅವನು "ಯಾರು ಹೊಡ್ದಿದ್ದು?" ಎಂದು ಕೇಳಿದ.

ಒಂದು ಒಂದು. ಅಲ್ಲಿಂದ ಕೊನೆಯ ವಿಷಲ್‌ವರೆಗೆ ದೀಪಕ್ ನಮ್ಮನ್ನು ಅರ್ಧ ಗೆರೆ ದಾಟಲು ಬಿಡಲಿಲ್ಲ. ನಾನು ಮೂರು ಚೆಂಡು ಹಿಡಿದೆ. ನನ್ನ ಇಡೀ ಕ್ಲಬ್ ಜೀವನದಲ್ಲಿ ಹಿಡಿದದ್ದಕ್ಕಿಂತ ಒಂದು ಜಾಸ್ತಿ. ಒಮ್ಮೆ ಚೆಂಡು ಹೊರಗೆ ಹೋದಾಗ ಅವನು ನನ್ನ ಹತ್ತಿರ ಬಂದು ನೀರಿನ ಬಾಟಲಿ ಕೇಳಿದ. ಕೊಟ್ಟೆ.

"ಮೋಹನನ್ನ ಇನ್ನೊಂಚೂರು ಹಿಂದೆ ನಿಲ್ಸೋ," ಅಂದ ಮೆಲ್ಲಗೆ. ಆಮೇಲೆ ತಾನು ಯಾರ ಕಡೆಯವನೆಂದು ನೆನಪಾಗಿ, "ಹೇಳ್ಬಾರ್ದಿತ್ತು," ಎಂದು ಬಾಟಲಿ ವಾಪಸ್ಸು ಕೊಟ್ಟು ಹೋದ.

ಸಮ ಸಮ ಆದ್ದರಿಂದ ಹೆಚ್ಚುವರಿ ಇಪ್ಪತ್ತು ನಿಮಿಷ. ನಟರಾಜ್ ಸರ್ ನಮ್ಮನ್ನು ಸುತ್ತ ನಿಲ್ಲಿಸಿಕೊಂಡರು. "ನೋಡ್ರಪ್ಪಾ, ಅವನ್ನ ನಾನೇ ತಯಾರು ಮಾಡಿದ್ದು. ಅವನ ವೀಕ್‌ನೆಸ್ ಏನು ಅಂತ ನನಗೆ ಗೊತ್ತಿಲ್ಲ. ಇದ್ದಿದ್ರೆ ತಿದ್ದಿರ್ತಿದ್ದೆ," ಅಂದರು. ಅದೇ ತಂತ್ರ.

ಹಳೇಬೀಡಿನ ಆ ಕೆರೆಯಂಗಳಕ್ಕೆ ಪಡುವಣದಲ್ಲಿ ಒಂದು ಗುಡ್ಡವಿದೆ. ಹೆಚ್ಚುವರಿ ಆಟ ಶುರುವಾಗಿ ಐದು ನಿಮಿಷಕ್ಕೆ ಸೂರ್ಯ ಆ ಗುಡ್ಡದ ಹಿಂದೆ ಸರಿದ. ಅಂಗಳದ ಮೇಲೆ ಉದ್ದ ನೆರಳು ಬಿತ್ತು. ಆಕಾಶ ಬೆಳ್ಳಗೇ ಇತ್ತು, ಕೆರೆಯ ನೀರು ಹೊಳೆಯುತ್ತಿತ್ತು, ಗಡಿಯಾರದಲ್ಲಿ ಆರಕ್ಕೆ ಐದು ನಿಮಿಷ ಬಾಕಿ. ದೀಪಕ್ ಆಗತಾನೇ ನಮ್ಮವರಿಂದ ಚೆಂಡು ಬಿಡಿಸಿಕೊಂಡು ತಲೆಯೆತ್ತಿ, ಯಾವ ಪಾತಿಗೆ ಬಿಡಲಿ ಎಂದು ನೋಡುತ್ತಿದ್ದ. ಅವನು ಹಾಗೆ ನೋಡಿದಾಗ ಏನಾಗುತ್ತದೆಂದು ನನಗೆ ಗೊತ್ತಿತ್ತು.

ಕೃಷ್ಣಪ್ಪನವರು ಗೆರೆ ದಾಟಿ ಮೈದಾನಕ್ಕೆ ನಡೆದು ಬಂದರು. ಓಡಲಿಲ್ಲ. ತಮ್ಮ ಹೊಲದಲ್ಲಿ ನಡೆಯುವ ಹಾಗೆ, ಪಂಚೆ ಎತ್ತಿ ಕಟ್ಟಿ, ಕಾಲಡಿ ನೋಡಿಕೊಂಡು ಬಂದು ನಡುವೆ ನಿಂತರು.

"ಹೊತ್ತು ಮುಳುಗ್ತು," ಅಂದರು. "ಆಳು ಬಿಡಿ."

ಅರಸೀಕೆರೆಯಿಂದ ಬಂದಿದ್ದ ರೆಫ್ರಿ ವಿಷಲ್ ಊದಿದರು. ಯಾವ ತಪ್ಪಿಗೆ ಊದಿದ್ದೆಂದು ಅವರಿಗೂ ಗೊತ್ತಾಗಲಿಲ್ಲ. "ಯಾರ್ರೀ ಇವ್ರು? ಆಚೆ ಹೋಗಿ ಯಜಮಾನ್ರೇ, ಮ್ಯಾಚ್ ನಡೀತಿದೆ."

"ನೀವು ನಡೆಸ್ಕೊಳ್ಳಿ ಸ್ವಾಮಿ. ನಾನು ಬ್ಯಾಡ ಅಂದ್ನಾ? ನಮ್ಮ ಆಳಿನ ಹೊತ್ತು ಮುಗೀತು."

ದೇವರಾಜ್ ಓಡಿ ಬಂದ. "ಇದೇನು ಯಜಮಾನ್ರೇ? ಇನ್ನೂ ಬೆಳಕೈತಲ್ಲ!"

"ಬೆಳಕಿನ ಮಾತಲ್ಲ ಕಣಪ್ಪಾ. ಹೊತ್ತಿನ ಮಾತು. ಕಾಣ್ತೈತಾ ಹೊತ್ತು? ತೋರ್ಸು ನೋಡಾನ."

ದೇವರಾಜ್ ಪಡುವಣಕ್ಕೆ ತಿರುಗಿದ. ಗುಡ್ಡ ಇತ್ತು. ಇಡೀ ಕೆರೆಯಂಗಳ ಪಡುವಣಕ್ಕೆ ತಿರುಗಿತು. ಎಲ್ಲರಿಗೂ ಗುಡ್ಡವೇ ಕಂಡಿತು. ಮೈಕಿನಲ್ಲಿ ಉಮಾಶಂಕರ್, "ಎಲ್ಲರೂ ಪಶ್ಚಿಮ ದಿಕ್ಕಿಗೆ ಗಮನಿಸಿ," ಅಂದರು, ಅಭ್ಯಾಸಬಲದಿಂದ.

"ಇನ್ನು ಹದಿನೈದೇ ನಿಮಿಷ..."

"ಸೊಡ್ಲು ದೀಪ ಹಚ್ಕೊಂಡು ಆಳು ದುಡಿಸ್ತೀಯೇನಪ್ಪ? ನೀನು ಎಲೆ ಅಡಿಕೆ ಇಟ್ಟು ಕ್ರಮವಾಗಿ ಕೇಳ್ದೆ. ನಾನು ಕ್ರಮವಾಗಿ ಕೊಟ್ಟೆ. ಮೈಗಳ್ಳತನ ಮಾಡಿದ್ನಾ?"

"ಇಲ್ಲ," ಅಂದ ದೇವರಾಜ್. "ಅಂಥಾ ಆಟ ನಾನು ನೋಡಿಲ್ಲ."

"ಮತ್ತೆ?"

ಒಕ್ಕಲು ಮನೆಯವನಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ. ದೇವರಾಜ್ ಸೊಂಟದ ಮೇಲೆ ಕೈಯಿಟ್ಟು ಗುಡ್ಡವನ್ನು ಇನ್ನೊಮ್ಮೆ ನೋಡಿದ. ಆಮೇಲೆ ದೀಪಕ್ ಕಡೆ ತಿರುಗಿ, "ಹೋಗಪ್ಪ," ಅಂದ.

ದೀಪಕ್ ಕಾಲ ಕೆಳಗಿದ್ದ ಚೆಂಡನ್ನು ರೆಫ್ರಿಯ ಕೈಗೆ ಕೊಟ್ಟ. ಕೆಂಪು ಜೆರ್ಸಿ ಬಿಚ್ಚಿ, ತೋಳು ಒಳಗೆ ಮಡಿಸಿ, ಚೊಕ್ಕಟವಾಗಿ ಮಡಿಕೆ ಮಾಡಿ ದೇವರಾಜ್‌ನ ಕೈಗಿಟ್ಟ. ನಮ್ಮ ಬೆಂಚಿನಲ್ಲಿ ಯಾರೋ ನೀಲಿ ಜೆರ್ಸಿ ಹಿಡಿದು ಎದ್ದರು. ರೆಫ್ರಿ ಬೆರಳೆತ್ತಿದರು: ಒಂದು ಪಂದ್ಯದಲ್ಲಿ ಒಬ್ಬ ಆಟಗಾರನಿಗೆ ಒಂದೇ ತಂಡ. ದೀಪಕ್ ಅದನ್ನು ನೋಡಲೂ ಇಲ್ಲ. ಕೆಲಸ ಮುಗಿಸಿದ ಆಳು ಮಾಡುವ ಹಾಗೆ ಮೂಲೆಯ ನಲ್ಲಿಗೆ ಹೋಗಿ ಕೈಕಾಲು ಮುಖ ತೊಳೆದು, ಅಪ್ಪನ ಟಿವಿಎಸ್ ಹಿಂದೆ ಹತ್ತಿ ಕೂತ. ಗಾಡಿ ಹೊರಟುಹೋಯಿತು. ಪಂದ್ಯ ಇನ್ನೂ ಬಾಕಿ ಇತ್ತು.

ಹಳೇಬೀಡಿನವರ ಬದಲಿ ಆಟಗಾರರೆಲ್ಲ ಆಗಲೇ ಮೈದಾನದಲ್ಲಿದ್ದರು. ಹತ್ತು ಜನ ಉಳಿದರು. ಹದಿನೈದು ನಿಮಿಷ ಅವರು ಚೆನ್ನಾಗಿಯೇ ಆಡಿದರು. ಕೊನೆಯ ನಿಮಿಷದಲ್ಲಿ ನಾನು ಗೋಲಿನಿಂದ ಉದ್ದಕ್ಕೆ ಒದ್ದ ಚೆಂಡು ಸರಿಯಾಗಿ ದೀಪಕ್ ನಿಲ್ಲುತ್ತಿದ್ದ ಜಾಗದಲ್ಲಿ ಬಿತ್ತು. ಹಳೇಬೀಡಿನ ಇಬ್ಬರು ಅದನ್ನು ನೋಡಿದರು, ಆದರೆ ಯಾರೂ ಕದಲಲಿಲ್ಲ. ಎಪ್ಪತ್ತು ನಿಮಿಷದಿಂದ ಆ ಜಾಗಕ್ಕೆ ಬಂದ ಚೆಂಡಿನ ಬಗ್ಗೆ ಅವರು ಯೋಚಿಸಬೇಕಾಗಿರಲಿಲ್ಲ. ನಮ್ಮ ಫಾರ್ವರ್ಡ್ ಓಡಿ ಹೋಗಿ ಒದ್ದ. ಎರಡು ಒಂದು.

ಕಪ್ ಕೊಡುವಾಗ ದೇವರಾಜ್ ನಮ್ಮೆಲ್ಲರ ಕೈ ಕುಲುಕಿದ. ನಟರಾಜ್ ಸರ್ ಕೈ ಹಿಡಿದು, "ಮುಂದಿನ ಸಾರ್ತಿ ಬೆಳಗ್ಗೆ ಹೊತ್ತು ಆಡ್ಸಾನ ಸರ್," ಅಂದ.

ಕಪ್ಪನ್ನು ಟೆಂಪೋದಲ್ಲಿ ಜಾವಗಲ್‌ಗೆ ತಂದು ನೇರ ಕೃಷ್ಣಪ್ಪನವರ ಜಗಲಿಯ ಮೇಲಿಟ್ಟೆವು. ಅವರು ಅದನ್ನು ಎತ್ತಿ, ಒಳಗೆ ಬಗ್ಗಿ ನೋಡಿ, ಎಷ್ಟು ಸೇರು ಹಿಡಿಯಬಹುದೆಂದು ಅಂದಾಜು ಮಾಡಿ ಕೆಳಗಿಟ್ಟರು. ಫೋನ್ ತೆಗೆದು ಜೇಸಿಬಿಯವನಿಗೆ, "ನಾಳಿಕ್ಕೆ ಬ್ಯಾಡ ಕಣಪ್ಪ. ಬರೋ ವರ್ಷ ನೋಡಾನ," ಅಂದರು. ಅನುಸೂಯಮ್ಮನವರು ಎಲ್ಲರಿಗೂ ಮಜ್ಜಿಗೆ ಕೊಟ್ಟರು. ದೀಪಕ್ ಗೋಡೆಗೆ ಒರಗಿ ಕೂತು ನಗುತ್ತಿದ್ದ. ಗೆದ್ದ ತಂಡದ ಫೋಟೋದಲ್ಲಿ ಅವನಿಲ್ಲ.

ಮಾರನೇ ದಿನ ಸಂಜೆ ಅಭ್ಯಾಸ ಮುಗಿಸಿ, ಸಸಿಗಳ ಸಾಲಿನ ಪಕ್ಕ ಕೂತು ಶೂ ಬಿಚ್ಚುವಾಗ ಅವನು ನನಗೆ ಒಂದು ವಿಷಯ ಹೇಳಿದ. ಹಿಂದಿನ ದಿನ ಟಿವಿಎಸ್‌ನಲ್ಲಿ ಅಪ್ಪ ಮಗ ಕೆರೆಯಂಗಳ ಬಿಟ್ಟು ಒಂದು ಮೈಲಿ ಬಂದಿರಲಿಲ್ಲವಂತೆ. ರಸ್ತೆ ಗುಡ್ಡದ ಮಗ್ಗುಲು ದಾಟಿತು. ದಾಟಿದ ಕೂಡಲೇ ಬಿಸಿಲು ಇಬ್ಬರ ಮುಖಕ್ಕೂ ಹೊಡೆಯಿತು. ಸೂರ್ಯ ತೆಂಗಿನ ಮರಗಳ ಮೇಲೆ, ಇನ್ನೂ ಎರಡು ಮೊಳ ಎತ್ತರದಲ್ಲಿ, ಯಾವ ಆತುರವೂ ಇಲ್ಲದೆ ಕೂತಿದ್ದ. ಕೃಷ್ಣಪ್ಪನವರು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಗಾಡಿ ಓಡಿಸಿದರು.

ದೀಪಕ್ ಹಿಂದಿನಿಂದ ಹೇಳಿದನಂತೆ: "ಅಪ್ಪಾ. ಹೊತ್ತು."

"ಸುಮ್ಕೆ ಕೂತ್ಕೊಳ್ಲಾ," ಅಂದರಂತೆ ಕೃಷ್ಣಪ್ಪನವರು. "ಇದು ನಮ್ಮೂರ ಹೊತ್ತು. ಮುಳುಗಿದ್ದು ಅವ್ರೂರ್ದು."